ಗಾಲಿಗೆ ಇಟ್ಟ ಕಲ್ಲು

ಬುಕ್ಕಾಪಟ್ಟಣದ ದಾರಿಯಲ್ಲಿ, ಹಿಂದೆ ಮರ ಕೊಯ್ಯುತ್ತಿದ್ದ ಜಾಗವೊಂದನ್ನು ಈಗ ಬಯಲು ಮ್ಯೂಸಿಯಂ ಮಾಡಿದ್ದಾರೆ. ಹೆಂಡತಿ, ಮಗಳೊಂದಿಗೆ ಅಲ್ಲಿಗೆ ಹೋಗಿ ಇಳಿಜಾರಿನಲ್ಲಿ ಕಾರು ನಿಲ್ಲಿಸಿದೆ. ನಮ್ಮ ಹ್ಯಾಂಡ್‌ಬ್ರೇಕ್ ಮೇಲೆ ನನಗೆ ನಂಬಿಕೆಯಿಲ್ಲ. ಕೆಳಗಿದ್ದ ಒಂದು ದಿಮ್ಮಿಯ ಬುಡದಿಂದ ಕಲ್ಲೊಂದನ್ನು ಎತ್ತಿ ತಂದು ಗಾಲಿಗೆ ಒತ್ತು ಕೊಟ್ಟೆ.

ಆ ದಿಮ್ಮಿ ಆಳೆತ್ತರದ ಗುಂಡಿಯ ಮೇಲೆ ಅಡ್ಡಲಾಗಿತ್ತು. ಒಬ್ಬ ದಿಮ್ಮಿಯ ಮೇಲೆ, ಇನ್ನೊಬ್ಬ ಗುಂಡಿಯೊಳಗೆ ನಿಂತು ಉದ್ದನೆಯ ಗರಗಸ ಎಳೆಯುತ್ತಿದ್ದರಂತೆ. ಪಕ್ಕದಲ್ಲಿಟ್ಟಿದ್ದ ಆ ಗರಗಸದ ಹಿಡಿಗಳು ಅವರ ಕೈಬೆವರಿಗೆ ನುಣುಪಾಗಿ ಇನ್ನೂ ಮಿನುಗುತ್ತಿದ್ದವು. ಫೋಟೊ ತೆಗೆಸಿಕೊಳ್ಳುವ ಆಸೆಗೆ ಮಗಳು ಗುಂಡಿಗೆ ಇಳಿದೇಬಿಟ್ಟಳು.

ಕಾವಲಿನ ಈರಣ್ಣ ಟೀ ಲೋಟ ಬಿಟ್ಟು ಓಡಿಬಂದ. "ಮೇಲಿನೋನು ದಿಮ್ಮಿ ತುಳಿದು ನೋಡ್ದಂಗೆ ಕೆಳಗಿನೋನು ಇಳೀತಿರ್ಲಿಲ್ಲ ಕಣವ್ವ! ಅಲ್ಲೇ ಗೋಡೆಗೆ ಒರಗಿ ನಿಂತ್ಕೊ, ಅಲ್ಲಾಡ್ಬ್ಯಾಡ!"

ಅಷ್ಟರಲ್ಲಿ ದಿಮ್ಮಿ ಹೊರಳಿತು. ಮಗಳ ತಲೆಯ ಮೇಲೆ ಮಣ್ಣು ಉದುರಿತು. ಈರಣ್ಣ ಹೆಗಲು ಕೊಟ್ಟು ತಡೆದ.

"ಒತ್ತುಗಲ್ಲು ಎಲ್ಲೋಯ್ತು ಸಾಮಿ? ಇಲ್ಲೇ ಇತ್ತಲ್ಲ! ಬಿರ್ರನೆ ತನ್ನಿ!"

ನನಗೆ ಬೇರೆ ಕಲ್ಲು ಹುಡುಕಲು ತೋಚಲೇ ಇಲ್ಲ. ಆ ಕಲ್ಲು ಗಾಲಿಯಡಿ ಇತ್ತು, ಕಾರಿನ ಮೂತಿ ಗುಂಡಿಯ ಕಡೆಗೇ ಇತ್ತು. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಓಡಿಹೋಗಿ ಸ್ಟೀರಿಂಗ್ ಮುಂದೆ ಕೂತು, ಎರಡೂ ಕಾಲಲ್ಲಿ ಬ್ರೇಕ್ ಒತ್ತಿದಳು. ನಾನು ಕಲ್ಲು ಕಿತ್ತು ತಂದು ದಿಮ್ಮಿಗೆ ಇಟ್ಟೆ.

ಮಗಳು ಮೇಲೆ ಹತ್ತಿ ಬಂದಳು. ಯಾರೂ ನನ್ನನ್ನು ಬೈಯಲಿಲ್ಲ.

ಅಲ್ಲಿಂದ ಶಿರಾಕ್ಕೆ ನಾನೇ ಕಾರು ಓಡಿಸಿದೆ. ಪಕ್ಕದ ಸೀಟಿನಲ್ಲಿ ಹೆಂಡತಿ, ತನ್ನ ಕಡೆ ಬ್ರೇಕೇ ಇಲ್ಲದಿದ್ದರೂ, ದಾರಿಯುದ್ದಕ್ಕೂ ಎರಡೂ ಕಾಲು ಒತ್ತಿ ಹಿಡಿದೇ ಕೂತಿದ್ದಳು.