ಓರಗಿತ್ತಿಯ ಬಂಡೆ

ಒಲೆ ಹೊತ್ತಿಸುವುದು, ಹಾಲು ಉಕ್ಕದಂತೆ ಕಾಯುವುದು, ಮಾವನಿಗೆ ಬಿಸಿನೀರು, ಗಂಡನ ಅಂಗಿಗೆ ಇಸ್ತ್ರಿ, ರಾತ್ರಿಯ ಪಾತ್ರೆ. ನಾಯಿ ಬಟಾಣಿ ಮೂಲೆಯಲ್ಲಿ ಉಚ್ಚೆ ಹೊಯ್ದಿದ್ದರೆ ಅದಕ್ಕೊಂದು ಒದ್ದೆಬಟ್ಟೆ. ಹತ್ತಿಯ ಕಣ್ಣಿನ ಗೀಜು ಒರೆಸಿ, ಎರಡು ತಟ್ಟೆಗೆ ಅನ್ನ ಕಿವುಚಿ ಮೊಟ್ಟೆ ಬೆರೆಸುವುದು. ಇಷ್ಟಾದರೂ ಕಿಟಕಿಯಾಚೆ ಇನ್ನೂ ಕತ್ತಲೆಯೇ.

ಬಟಾಣಿ, ಹತ್ತಿ ಮೊಣಕಾಲೆತ್ತರಕ್ಕೂ ಬಾರದ ನಾಯಿಗಳು. ಬೀದಿಗೆಲ್ಲ ಅವು ಓರಗಿತ್ತಿಯ ನಾಯಿಗಳು. ತಟ್ಟೆ ತೊಳೆಯುವವಳು ಮಾತ್ರ ಕಾಜಾ ಅಕ್ಕ. ಮಧ್ಯಾಹ್ನ ದರ್ಜಿ ಅಂಗಡಿಯಲ್ಲಿ ಅಂಗಿಗಳ ಗುಂಡಿತೂತಿಗೆ ಕಾಜಾ ಹೊಲಿಯುವ ಇವಳಿಗೆ ಆ ಹೆಸರೇ ಅಂಟಿಕೊಂಡಿತ್ತು.

ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಕಣ್ಣಾಸ್ಪತ್ರೆಯಲ್ಲಿ ಚೀಟಿ ಬರೆಯುವವಳು. ಭಾನುವಾರ ಎದ್ದವಳೇ ನಾಯಿಗಳಿಗೆ ಹಗ್ಗ ಸಿಕ್ಕಿಸಿ, ಕಾಡಿನ ದಾರಿ ಹತ್ತಿ, ನದಿಯ ಮೇಲೆ ಚಾಚಿಕೊಂಡ ಬಂಡೆಯ ತುದಿಯವರೆಗೆ ಹೋಗಿ ಬರುತ್ತಿದ್ದಳು. "ಇವುಗಳ ತಟ್ಟೆ ಮುಚ್ಚಿಟ್ಟಿರಿ ಅಕ್ಕಾ, ಬಂದ್ಮೇಲೆ ಹಾಕ್ತೀನಿ" ಎನ್ನುವಳು. ಅದು ಬರೀ ಸೋಮಾರಿತನ ಎಂದೇ ಕಾಜಾ ಅಕ್ಕನ ತೀರ್ಮಾನ.

ಹಿಂದಿರುಗಿದರೆ ಹಜಾರದಲ್ಲಿ ಕಾಲು ಚಾಚಿ ಕೂರುವಳು. "ಕಾಲು ಬಿದ್ದೇ ಹೋಯ್ತು ಅತ್ತೆ."

"ಪಾಪ, ಎಷ್ಟು ದೂರ ನಡೆದಿದೆ ಮಗು" ಎಂದು ಅತ್ತೆ ಕರಗಿ, ಬಿಸಿನೀರು ಕಾಯಿಸಲು ಹಿರಿಸೊಸೆಗೆ ಹೇಳುವರು. ಹಿರಿಸೊಸೆ ನೀರು ತಂದಿಟ್ಟು, ನಾಯಿಗಳ ಕೂದಲಿಗೆ ಎಣ್ಣೆ ಸವರಿ ಅಂಟುಮುಳ್ಳು ಬಿಡಿಸುತ್ತ ಕೂರುವಳು. ಕೈ ಇವಳದು, ನಾಯಿಗಳ ಕಣ್ಣು ಅವಳ ಮೇಲೆ.

ಹೊಟ್ಟೆಕಿಚ್ಚು ಹುಟ್ಟಿದ್ದು ಆ ಕಾಲುನೋವಿನ ಮೇಲೆ. ಇವಳ ಕಾಲೂ ದಿನಾ ನೋಯುತ್ತಿತ್ತು. ಆದರೆ ಅಡುಗೆಮನೆಯಿಂದ ಬಚ್ಚಲಿಗೆ ನಡೆದದ್ದನ್ನು ಯಾರೂ ದೂರ ಎನ್ನುವುದಿಲ್ಲ. ಆಮೇಲೆ ಕಿಚ್ಚು ಬಂಡೆಗೂ ಹಬ್ಬಿತು. ಅಲ್ಲಿಂದ ನದಿ ರಿಬ್ಬನ್ನಿನ ಹಾಗೆ ಕಾಣುತ್ತದಂತೆ, ಹದ್ದುಗಳ ಬೆನ್ನು ಕಾಣುತ್ತದಂತೆ. ಹದ್ದಿನ ಬೆನ್ನು ತಾನೂ ನೋಡಬೇಕು.

ಒಂದು ಶನಿವಾರ ಊಟ ಬಡಿಸುತ್ತ ಅಂದೇಬಿಟ್ಟಳು. "ನಾಳೆ ನಾನೂ ಹೋಗ್ತೀನಿ."

"ನೀನಾ?" ಗಂಡ ನಕ್ಕ. "ಮಧ್ಯದಲ್ಲಿ ಕೂತುಬಿಟ್ರೆ ಎತ್ಕೊಂಡು ಬರೋರು ಯಾರು?"

"ನಾಯಿ ಎತ್ಕೊಳ್ಳೋಕೆ ಒಬ್ಬರು ಬೇಕಲ್ಲ, ಅದಕ್ಕೆ ಹೋಗ್ತೀನಿ ಅನ್ಕೊಳ್ಳಿ."

"ಹಾಗಾದ್ರೆ ಸರಿ."

ಹೊಟ್ಟೆ ತುಂಬಿಸದೆ ಯಾರನ್ನೂ ಹೊಸ್ತಿಲು ದಾಟಿಸಿ ಗೊತ್ತಿದ್ದವಳಲ್ಲ. ಬೆಳಿಗ್ಗೆ ಮನೆಯವರಿಗೆಲ್ಲ ತಿಂಡಿ ಮಾಡಿಟ್ಟು, ನಾಯಿಗಳಿಗೂ ತುಸು ಹೆಚ್ಚೇ ಹಾಕಿ ಹೊರಟಳು.

ದಾರಿ ಮರದ ಬೇರುಗಳನ್ನೇ ಮೆಟ್ಟಿಲು ಮಾಡಿಕೊಂಡು ಏರುತ್ತಿತ್ತು. ಒಂದು ಬದಿ ಪಾಚಿಗಟ್ಟಿದ ಗೋಡೆಯಂಥ ಕಲ್ಲು, ಇನ್ನೊಂದು ಬದಿ ಮರಗಳ ತಲೆಗಳು. ಬಟಾಣಿ, ಹತ್ತಿ ಓರಗಿತ್ತಿಯ ಹಿಮ್ಮಡಿಗೆ ಅಂಟಿಕೊಂಡೇ ಓಡಿದವು. ಕಾಜಾ ಅಕ್ಕ ಕರೆದರೆ ಬಾಲ ಆಡಿಸುವ ಸೌಜನ್ಯವೂ ಇಲ್ಲ. 'ತಿನ್ನಿಸೋಕೆ ನಾನು, ಮೆರೆಯೋಕೆ ಅವಳು' ಎಂದುಕೊಂಡಳು.

ಕೊನೆಯ ತಿರುವಿನಲ್ಲಿ ಹತ್ತಿ ಮುಂದೆ ಹೆಜ್ಜೆಯಿಡದೆ ಕೂತಿತು. ಹಗ್ಗ ಎಳೆದರೆ, ಬೆಳಗಿನ ಅನ್ನ ಮೊಟ್ಟೆ ಸಮೇತ ಕಾರಿಕೊಂಡಿತು. ಬಟಾಣಿಯೂ ಪಕ್ಕದಲ್ಲಿ ಮಲಗಿತು.

"ಊಟ ಹಾಕಿದ್ರಾ ಅಕ್ಕಾ?"

"ಹಾಕದೆ?"

"ಹತ್ತೋ ದಿನ ಖಾಲಿ ಹೊಟ್ಟೇಲೇ ಕರ್ಕೊಂಡು ಬರ್ಬೇಕು. ಅದಕ್ಕೇ ಅಲ್ವಾ ಮುಚ್ಚಿಡಿ ಅನ್ನೋದು?"

"ಅದಕ್ಕೆ ಅಂತ ಯಾವತ್ತು ಹೇಳಿದ್ದೆ ನೀನು?"

ಓರಗಿತ್ತಿ ನಿಟ್ಟುಸಿರು ಬಿಟ್ಟಳು. "ಹೋಗ್ಲಿ ಬಿಡಿ. ಕೆಳಗೆ ತೊರೆಯಿಂದ ನೀರು ತರ್ತೀನಿ, ಕುಡಿಸಿ ವಾಪಸ್ ಹೋಗೋಣ. ಹತ್ತಿನ ನೀವು ಎತ್ಕೊಳ್ಳಿ. ಮೇಲೇನಿದೆ, ಅದೇ ಬಂಡೆ."

ಅವಳು ಇಳಿದು ಹೋದಳು. ಹತ್ತಿ ತೆವಳಿ ಬಂದು ಕಾಜಾ ಅಕ್ಕನ ಮಡಿಲಲ್ಲಿ ತಲೆಯಿಟ್ಟಿತು. ಇಷ್ಟು ದಿನ ಓರಗಿತ್ತಿಗೇ ಮೀಸಲಾಗಿದ್ದ ತಲೆ. ಬಟಾಣಿಯೂ ಅವಳ ಪಾದದ ಮೇಲೆ ಗದ್ದವೂರಿತು. ಬೇಕೆಂದದ್ದು ಸಿಕ್ಕಂತಾಯಿತು. ಆದರೂ ಅವಳ ಕಣ್ಣು ದಾರಿಯ ಮೇಲ್ತುದಿಯಲ್ಲೇ ಇತ್ತು. ಅಲ್ಲಿ ಮರಗಳು ಮುಗಿದು ಬರೀ ಬೆಳಕಿತ್ತು.

ಕೆಳಗಿನ ತಿರುವಿನಲ್ಲಿ ಓರಗಿತ್ತಿಯ ಹಳದಿ ಟೋಪಿ ಕಾಣಿಸಿತು. ಬಂದು ತಲುಪಿದರೆ ವಾಪಸ್ ಹೋಗೋಣ ಅನ್ನುತ್ತಾಳೆ. ಅವಳು ಅಂದರೆ ನಾನೂ ಹೂಂ ಅಂದುಬಿಡುತ್ತೇನೆ. ಕಾಜಾ ಅಕ್ಕನಿಗೆ ಗುಮಾನಿ ಇದ್ದದ್ದು ತನ್ನ ಮೇಲೆಯೇ.

ಹತ್ತಿಯ ತಲೆಯನ್ನು ಮೆಲ್ಲಗೆ ಎತ್ತಿ ಒಣ ಎಲೆಗಳ ಮೇಲಿಟ್ಟಳು. ಎರಡೂ ಹಗ್ಗಗಳನ್ನು ನೆರಳಿನ ಮರಕ್ಕೆ ಕಟ್ಟಿ, ಗಂಟು ಎಳೆದು ನೋಡಿ, ಮೇಲಕ್ಕೆ ಹತ್ತತೊಡಗಿದಳು.