ಮದುವೆ ಬಸ್ಸು, ಜೈಲು ಬಸ್ಸು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸ್ಟುಡಿಯೋದ ಹಿಂದಿನ ಗೇಟಿನ ಹೊರಗೆ, ಬಾಗಿಲು ಮುಚ್ಚಿದ ಟೈರ್ ಅಂಗಡಿಯ ಮುಂದೆ ಎಂಬತ್ತು ಜನ ಸಾಲಾಗಿ ನಿಂತಿದ್ದಾರೆ. ಕೆಲವರ ಕೈಯಲ್ಲಿ ಇಸ್ತ್ರಿ ಮಾಡಿದ ಬಟ್ಟೆ, ಕೆಲವರ ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಷೂ. ಸಾಲಿನ ತುದಿಯಲ್ಲಿ ಎರಡು ಬಸ್ಸುಗಳು ಗುರುಗುಟ್ಟುತ್ತಿವೆ. ಮೊದಲ ಬಸ್ಸಿನ ಬಾಗಿಲಲ್ಲಿ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಮೇಲೆ ಇಟ್ಟು ನಿಂತ ಹೆಂಗಸೊಬ್ಬರು ಒಬ್ಬೊಬ್ಬರ ಭುಜ ತಟ್ಟಿ ಒಳಗೆ ಬಿಡುತ್ತಿದ್ದಾರೆ.

"ಹತ್ತಿ, ಹತ್ತಿ. ಮೊದಲು ಬಂದೋರು ಮೊದಲು. ಕಿಟಕಿ ಪಕ್ಕಾನೇ ಬೇಕು ಅಂತ ನಾಟಕ ಆಡೋರು ಕ್ಯಾಮೆರಾ ಮುಂದೆ ಆಡಿ, ಅಲ್ಲಾದ್ರೆ ದುಡ್ಡು ಬರುತ್ತೆ."

ಸಾಲು ನಗುತ್ತದೆ, ಮುಂದೆ ಸರಿಯುತ್ತದೆ. ಬಾಗಿಲ ಹತ್ತಿರ ಬಂದ ವಯಸ್ಸಾದ ಮನುಷ್ಯರೊಬ್ಬರು ಮಾತ್ರ ಭುಜ ತಟ್ಟಿಸಿಕೊಂಡು ಎರಡನೇ ಬಸ್ಸಿನ ಕಡೆ ನಡೆಯುತ್ತಾರೆ.

"ಮಾವ, ಆ ಕಡೆ ಎಲ್ಲಿಗೆ ಹೊರಟ್ರಿ?"

"ಅಭ್ಯಾಸ ಕಣಮ್ಮಾ. ಕಾಲು ತಾನಾಗೇ ಹೋಗುತ್ತೆ."

"ಕಾಲಿಗೆ ಸ್ವಲ್ಪ ಬುದ್ಧಿ ಹೇಳಿ."

ಈ ಹೆಂಗಸನ್ನು ಎಲ್ಲರೂ ಬಸ್ಸಕ್ಕ ಎನ್ನುತ್ತಾರೆ. ಐವತ್ತು ದಾಟಿದ ವಯಸ್ಸು, ಗಟ್ಟಿ ದನಿ, ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ಕೂದಲು. ಸಿನಿಮಾದಲ್ಲಿ ನಾಯಕನ ಹಿಂದೆ ರಸ್ತೆ ದಾಟುವವರು, ಕೋರ್ಟಿನ ಬೆಂಚು ತುಂಬುವವರು, ಆಸ್ಪತ್ರೆಯಲ್ಲಿ ಚೀಟಿ ಹಿಡಿದು ಕಾಯುವವರು ಇರುತ್ತಾರಲ್ಲ, ಅವರನ್ನು ಕರೆತರುವುದು ಇವರ ಕೆಲಸ. ತೆರೆಯ ಮೇಲೆ ಇವರ ಹೆಸರು ಬರುವುದಿಲ್ಲ. ಇವರು ಕರೆತಂದವರ ಹೆಸರೂ ಬರುವುದಿಲ್ಲ. ಆದರೆ ಯಾವ ಮುಖ ಎಲ್ಲಿ ನಿಲ್ಲಬೇಕೆಂದು ಇಪ್ಪತ್ತೆರಡು ವರ್ಷ ಇವರೇ ತೀರ್ಮಾನಿಸಿದ್ದಾರೆ. ನಾವು ಅದನ್ನು ನೋಡಿದ್ದೇವೆ, ಹಾಗೆಯೇ ಇರಬೇಕೇನೋ ಎಂದುಕೊಂಡಿದ್ದೇವೆ.

ಈ ಕಸುಬಿನಲ್ಲಿ ಎರಡು ಬಸ್ಸುಗಳ ಪದ್ಧತಿ ಉಂಟು. ಒಂದು ಮದುವೆ ಬಸ್ಸು, ಇನ್ನೊಂದು ಜೈಲು ಬಸ್ಸು. ಮದುವೆ ಬಸ್ಸಿನಲ್ಲಿ ಬಂದವರು ಬೀಗರು, ಡಾಕ್ಟರು, ವಿಮಾನದ ಪ್ರಯಾಣಿಕರು, ಕಾಲೇಜಿನ ಹುಡುಗಿಯರು ಆಗುತ್ತಾರೆ. ಜೈಲು ಬಸ್ಸಿನಲ್ಲಿ ಬಂದವರು ಕಳ್ಳರು, ಕೂಲಿಗಳು, ಕುಡುಕರು, ಖಳನಾಯಕನ ಹಿಂದೆ ಕೈಕಟ್ಟಿ ನಿಲ್ಲುವವರು. ಯಾರು ಯಾವ ಬಸ್ಸು ಹತ್ತಬೇಕೆಂದು ಬಾಯಿಬಿಟ್ಟು ಹೇಳುವುದಿಲ್ಲ. ಬಣ್ಣ ಎಂಬ ಮಾತು ಇಲ್ಲಿ ಯಾರ ನಾಲಿಗೆಯ ಮೇಲೂ ಬರುವುದಿಲ್ಲ. ಸಿನಿಮಾ ಕಂಪನಿಯ ಮ್ಯಾನೇಜರ್ ಫೋನ್ ಮಾಡಿ "ಒಂದು ಮದುವೆ ಬಸ್ಸು ಕಳಿಸಿ" ಅನ್ನುತ್ತಾರೆ, ಅಷ್ಟೇ. ಮುಂದಿನದನ್ನು ಕಣ್ಣು ಮಾಡುತ್ತದೆ.

"ನನಗೆ ಈ ಕೆಲಸ ಕಲಿಸಿದ್ದು ನಮ್ಮತ್ತೆ" ಎನ್ನುತ್ತಾರೆ ಬಸ್ಸಕ್ಕ. "ಕೆಟ್ಟೋರಲ್ಲ. ನನ್ನ ಮೈಬಣ್ಣ ನೋಡಿ ನೆಂಟರೆಲ್ಲ ಮೂಗು ಮುರಿದಾಗ ಹಟ ಹಿಡಿದು ಸೊಸೆ ಮಾಡ್ಕೊಂಡೋರು. ಆದ್ರೆ ಮೊದಲನೇ ದಿನಾನೇ ಹೇಳಿದ್ರು, 'ನೀನು ಯಾವಾಗ್ಲೂ ಬಾಗಿಲಲ್ಲೇ ನಿಂತ್ಕೋ ಮಗಳೇ, ಒಳಗೆ ಕೂರಬೇಡ' ಅಂತ. ಯಾಕೆ ಅಂತ ನಾನೂ ಕೇಳ್ಲಿಲ್ಲ. ಕೂತ್ರೆ ಯಾವ ಬಸ್ಸಲ್ಲಿ ಕೂರಬೇಕು ಅಂತ ಇಬ್ಬರಿಗೂ ಗೊತ್ತಿತ್ತಲ್ಲ."

ಇವತ್ತು ಎರಡೂ ಬಸ್ಸುಗಳು ಹೋಗುತ್ತಿರುವುದು ಒಂದೇ ಜಾಗಕ್ಕೆ. ಊರಾಚೆಯ ದೊಡ್ಡ ಸಭಾಂಗಣವೊಂದರಲ್ಲಿ ಕೌಟುಂಬಿಕ ಚಿತ್ರವೊಂದರ ಮದುವೆ ದೃಶ್ಯ. ಹನ್ನೆರಡು ದಿನದ ಚಿತ್ರೀಕರಣ. ಮ್ಯಾನೇಜರ್ ಕೇಳಿದ್ದು ಎರಡು ಮದುವೆ ಬಸ್ಸು. ಬಸ್ಸಕ್ಕ ತುಂಬಿಸಿರುವುದು ಸಾಲಿನಲ್ಲಿ ಬಂದವರನ್ನು ಬಂದ ಹಾಗೆ. ಮ್ಯಾನೇಜರ್ ನೋಡಿ ಅರ್ಧ ಜನರನ್ನು ವಾಪಸ್ ಕಳಿಸಿದರೆ ಅವರಿಗೆ ಹನ್ನೆರಡು ದಿನದ ಕೂಲಿ ಹೋಗುತ್ತದೆ, ಬಸ್ಸಕ್ಕನಿಗೆ ಕೈಯಲ್ಲಿ ಉಳಿದಿರುವ ಒಂದೇ ದೊಡ್ಡ ಕಂಪನಿ ಹೋಗುತ್ತದೆ. ಅವರಿಗೆ ಬೇಕಾಗಿರುವುದು ಒಂದೇ: ಮೊದಲ ಶಾಟ್ ಮುಗಿಯುವವರೆಗೆ ಯಾರೂ ಕುರ್ಚಿಯಿಂದ ಏಳಬಾರದು. ಒಮ್ಮೆ ಕ್ಯಾಮೆರಾ ಒಬ್ಬರನ್ನು ಒಂದು ಕುರ್ಚಿಯಲ್ಲಿ ನೋಡಿತೆಂದರೆ, ಆ ದೃಶ್ಯ ಮುಗಿಯುವವರೆಗೆ ಆ ಕುರ್ಚಿಯಲ್ಲಿ ಆ ಮುಖವೇ ಇರಬೇಕು. ಇದು ಚಿತ್ರೀಕರಣದ ಕಟ್ಟಳೆ. ಇದಕ್ಕೆ ದೊಡ್ಡ ನಾಯಕನೂ ತಲೆಬಾಗುತ್ತಾನೆ.

ಬಸ್ಸಕ್ಕ ಎರಡು ಬಸ್ಸುಗಳ ಪದ್ಧತಿ ಬಿಟ್ಟಿದ್ದಕ್ಕೆ ಹಿಂದೊಂದು ದಿನ ನಡೆದ ಎಡವಟ್ಟು ಕಾರಣ. ವರ್ಣದ್ವೇಷದ ಬಗ್ಗೆಯೇ ಒಂದು ಸಿನಿಮಾ ತಯಾರಾಗುತ್ತಿತ್ತು. ಬೀದಿಯೊಂದಕ್ಕೆ ಕಪ್ಪು ಬಣ್ಣದ ಕುಟುಂಬ ಬಾಡಿಗೆಗೆ ಬರುತ್ತದೆ, ಬೀದಿಯವರು ಕಲ್ಲು ಹೊಡೆದು ಓಡಿಸುತ್ತಾರೆ, ಮೊದಲ ಕಲ್ಲು ಹೊಡೆದ ಹುಡುಗ ಕಡೆಗೆ ಬದಲಾಗುತ್ತಾನೆ. ಇಷ್ಟೇ ಕಥೆ. ನಿರ್ದೇಶಕಿ ಚಿಕ್ಕ ವಯಸ್ಸಿನವರು, ಆಡುವ ಮಾತಿನಲ್ಲಿ ಪ್ರಾಮಾಣಿಕರು. ಅವರ ಸಹಾಯಕರು ಫೋನ್ ಮಾಡಿ "ಕಲ್ಲು ಹೊಡೆಯೋ ಗುಂಪು ಬೇಕು" ಅಂದರು. ಕಲ್ಲು ಹೊಡೆಯುವವರು ಅಂದರೆ ಇನ್ಯಾರು? ಬಸ್ಸಕ್ಕ ಯೋಚಿಸದೆ ಜೈಲು ಬಸ್ಸು ಕಳಿಸಿದರು. ಕಿಟಕಿಯಲ್ಲಿ ನಿಂತು ನೋಡಿ ಮರುಗುವ ನೆರೆಹೊರೆಯವರಿಗೆ ಮದುವೆ ಬಸ್ಸು.

ಸೆಟ್ಟಿನಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ವಸ್ತ್ರ ಕೊಟ್ಟವರಿಗೆ, ರಬ್ಬರ್ ಕಲ್ಲು ಹಂಚಿದವರಿಗೆ, ಕ್ಯಾಮೆರಾ ಇಟ್ಟವರಿಗೆ, ನಿರ್ದೇಶಕಿಗೆ, ಯಾರಿಗೂ. ಕುಟುಂಬದ ತಂದೆಯ ಪಾತ್ರ ಮಾಡುತ್ತಿದ್ದ ನಟ ಬಾಗಿಲು ತೆರೆದು ಹೊರಗೆ ಬಂದರು. ಹೆದರಿ ಹಿಂದೆ ಸರಿಯಬೇಕಿತ್ತು. ಸುಮ್ಮನೆ ನಿಂತರು.

"ಏನಾಯ್ತು ಸರ್, ಡೈಲಾಗ್ ಮರೆತೋಯ್ತಾ?" ಅಂದರು ಸಹಾಯಕರು.

"ಡೈಲಾಗ್ ಇದೆ. ಆದ್ರೆ ಬಂದಿರೋರೆಲ್ಲ ನಮ್ಮ ನೆಂಟರ ಥರಾನೇ ಕಾಣ್ತಿದ್ದಾರೆ. ಒಳಗೆ ಬನ್ನಿ, ನೀರು ಕುಡೀರಿ ಅನ್ನಬೇಕು ಅನ್ನಿಸ್ತಿದೆ. ಯಾರಿಗೆ ಹೆದರಲಿ?"

ಮೊದಲು ಜೈಲು ಬಸ್ಸಿನವರು ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಆಮೇಲೆ ನಗು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಎಲ್ಲರೂ ಒಟ್ಟಿಗೆ ನಿಲ್ಲಿಸಿದರು. ಆ ಗಳಿಗೆಯನ್ನು ಬಸ್ಸಕ್ಕ ಇವತ್ತಿಗೂ ಮರೆತಿಲ್ಲ. "ಒಬ್ಬರೂ ಒಬ್ಬರ ಮುಖ ನೋಡ್ಲಿಲ್ಲ. ನಿರ್ದೇಶಕಿ ನನ್ನ ಬೈದಿದ್ರೆ ಎಷ್ಟೋ ಹಗುರ ಆಗ್ತಿತ್ತು. ಪಾಪ, 'ನಾನೂ ನೋಡ್ಲಿಲ್ಲ ಅಕ್ಕ' ಅಂದ್ರು."

ಗುಂಪುಗಳನ್ನು ಅದಲುಬದಲು ಮಾಡಬೇಕಾಯಿತು. ಅಲ್ಲಿ ಹೊಸ ಪೇಚಾಟ ಶುರುವಾಯಿತು. ಮದುವೆ ಬಸ್ಸಿನವರು ಕಲ್ಲು ಮುಟ್ಟಲು ಒಪ್ಪಲಿಲ್ಲ. ಅವರಲ್ಲಿ ಮುಂದಾಳು ಎಂದರೆ, ಸೈಕಲ್ ಅಂಗಡಿ ಇಟ್ಟುಕೊಂಡು ಬಿಡುವಿದ್ದಾಗ ನಟಿಸಲು ಬರುವ, ಕೆಂಪು ಕೆನ್ನೆಯ ದಪ್ಪ ಮನುಷ್ಯ. ಪ್ರತಿ ಸಿನಿಮಾದಲ್ಲೂ ಗಂಡಿನ ಕಡೆಯ ಹಿರಿಯನಾಗಿ ಕೂತು ಕೂತು ಅವರಿಗೆ ಬೀಗರು ಎಂದೇ ಹೆಸರು ಬಿದ್ದಿದೆ. "ಅಕ್ಕ, ನಾವು ಮರ್ಯಾದಸ್ಥರು. ನಮ್ಮನ್ನ ನೋಡಿದ್ರೆ ಕಲ್ಲು ಹೊಡೆಯೋರ ಥರ ಕಾಣುತ್ತಾ?" ಎಂದು ಅವರು ಕೇಳಿದಾಗ, ಪಕ್ಕದಲ್ಲಿದ್ದ ಕಳ್ಳಮಾವ "ಹಾಗಾದ್ರೆ ನಾವು ಕಾಣ್ತೀವಾ ಬೀಗರೇ?" ಅಂದರು. ದನಿಯಲ್ಲಿ ಸಿಟ್ಟು ಇರಲಿಲ್ಲ. ಬರೀ ತಿಳಿದುಕೊಳ್ಳುವ ಆಸೆ ಇತ್ತು.

ಕಳ್ಳಮಾವ ಎಂದರೆ, ಈ ಬೆಳಿಗ್ಗೆ ತಪ್ಪು ಬಸ್ಸಿನ ಕಡೆ ನಡೆದ ಅದೇ ಹಿರಿಯರು. ಹೊಲಿಗೆ ಅವರ ಕಸುಬು. ತಮ್ಮ ಬೀದಿಯ ಮಕ್ಕಳ ಶಾಲೆಯ ಅಂಗಿಗೆಲ್ಲ ಅವರದೇ ಗುಂಡಿ. ಸಿನಿಮಾದಲ್ಲಿ ಮಾತ್ರ ಪರ್ಸು ಕಿತ್ತುಕೊಂಡು ಓಡುವುದೇ ಅವರ ಪಾಲಿಗೆ ಬಂದದ್ದು. ಅವರ ಮೊಮ್ಮಗಳು ತಾತನ ಸಿನಿಮಾ ನೋಡಲು ಕೂತರೆ, ಯಾವಾಗ ಹೊಡೆತ ಬೀಳುತ್ತದೋ ಎಂದು ಕಣ್ಣು ಮುಚ್ಚಿಕೊಳ್ಳುತ್ತಾಳಂತೆ.

ಅಂತೂ ಬೀಗರ ಗುಂಪು ಕಲ್ಲು ಹಿಡಿಯಿತು. ಹೂವು ಎಸೆದ ಹಾಗೆ ಎಸೆಯಿತು. ಹಲ್ಲು ಕಡಿದು, ಹುಬ್ಬು ಗಂಟಿಕ್ಕಿ ಏನೇನೋ ಮಾಡಿದರೂ ಮಕ್ಕಳಿಗೆ ಗುಮ್ಮ ತೋರಿಸಿದ ಹಾಗಿತ್ತು. ಕಡೆಗೆ ಕಳ್ಳಮಾವನೇ ಮುಂದೆ ಬಂದು ಬೀಗರ ಎದುರು ನಿಂತರು.

"ಮುಖ ಗಂಟಿಕ್ಕಬೇಡಿ. ಅದು ಸಿನಿಮಾದಲ್ಲಿ ಮಾತ್ರ. ನನ್ನ ಬೇಡ ಅಂದೋರು ಯಾರೂ ಮುಖ ಗಂಟಿಕ್ಕಿದ್ದು ನಾ ನೋಡಿಲ್ಲ. ಮನೆ ಬಾಡಿಗೆಗೆ ಕೇಳೋಕೆ ಹೋದಾಗ, ಹೊಲಿದ ಬಟ್ಟೆ ಕೊಡೋಕೆ ಹೋದಾಗ, ನನ್ನ ಹಿಂದೆ ಏನೋ ಇರೋ ಹಾಗೆ ಆಚೆ ನೋಡ್ತಾರೆ. ಹಾಗೆ ನೋಡಿ. ನಾನು ಇಲ್ವೇ ಇಲ್ಲ ಅಂದ್ಕೊಳ್ಳಿ. ಆಮೇಲೆ ಕೈ ತಾನಾಗೇ ಎಸೆಯುತ್ತೆ."

ಬೀಗರು ನೋಡಿದರು. ಒಂದೇ ಟೇಕಿಗೆ ಶಾಟ್ ಓಕೆ ಆಯಿತು. ಇಡೀ ಸಿನಿಮಾದಲ್ಲಿ ಪ್ರೇಕ್ಷಕರು ಉಸಿರು ಬಿಗಿಹಿಡಿದು ನೋಡಿದ ಗಳಿಗೆ ಅದೇ, ಬೀಗರ ಆ ನೋಟ. ಬಣ್ಣದ ದ್ವೇಷ ತೋರಿಸಲು ಸಿನಿಮಾದವರು ಸಾಮಾನ್ಯವಾಗಿ ಒಬ್ಬ ದುಷ್ಟನನ್ನು ಹುಡುಕುತ್ತಾರೆ. ಇಲ್ಲಿ ತೆರೆಯ ಮೇಲೆ ನಮ್ಮ ಪಕ್ಕದ ಮನೆಯ ಸೈಕಲ್ ಅಂಗಡಿಯವರು ಇದ್ದರು.

ಅವತ್ತು ಮಧ್ಯಾಹ್ನ ಬೀಗರು ಊಟಕ್ಕೆ ಏಳಲಿಲ್ಲ. ಬಸ್ಸಿನ ನೆರಳಲ್ಲಿ ಕೂತಿದ್ದರು. ಬಸ್ಸಕ್ಕ ತಟ್ಟೆ ಹಿಡಿದು ಹೋಗಿ "ಚೆನ್ನಾಗಿ ಕಲಿತ್ರಿ ಬೀಗರೇ, ಉಣ್ಣಿ" ಅಂದರು.

"ಕಲಿಯೋಕೇನೂ ಇರ್ಲಿಲ್ಲ ಅಕ್ಕ" ಎಂದರು ಬೀಗರು. "ಅವರು ಹೇಳಿದ ತಕ್ಷಣ ಬಂತು. ಮೊದಲೇ ಬರ್ತಿತ್ತು ಅನ್ಸುತ್ತೆ."

ಬಸ್ಸಕ್ಕ ಈಗ ಆ ಮಾತಿಗೆ ತಮ್ಮ ಲೆಕ್ಕವನ್ನೂ ಸೇರಿಸುತ್ತಾರೆ. "ಬೀಗರಿಗೆ ಒಂದು ನೋಟ ಬರ್ತಿತ್ತು. ನನಗೆ ಎರಡು ಬಸ್ಸು ತುಂಬೋವಷ್ಟು ಬರ್ತಿತ್ತು" ಎನ್ನುತ್ತಾರೆ. "ಆ ಸಿನಿಮಾದ ಹುಡುಗ ಎರಡೂವರೆ ಗಂಟೆಯಲ್ಲಿ ಬದಲಾದ. ಅವನಿಗೆ ಹಿನ್ನೆಲೆ ಸಂಗೀತ ಬೇರೆ ಇತ್ತು."

ಮರುವಾರದಿಂದ ಒಂದೇ ಸಾಲು. ಮೊದಲು ಬಂದವರು ಮೊದಲ ಬಸ್ಸಿಗೆ. ಎರಡು ಕಂಪನಿಗಳು ಕೈಬಿಟ್ಟವು; ಕಾರಣ ಯಾರೂ ಹೇಳಲಿಲ್ಲ. ಆ ಕೆಲಸ ಎದುರಿನ ಗೇಟಿನ ಏಜೆಂಟನ ಪಾಲಾಯಿತು. ಅವನೂ ಬಸ್ಸಕ್ಕನ ಅತ್ತೆಯ ಹತ್ತಿರವೇ ಕಲಿತವನು. ಒಂದು ದಿನ ದಾರಿಯಲ್ಲಿ ಸಿಕ್ಕಿ "ಅಕ್ಕ, ನಿಮಗೆ ಹೊಟ್ಟೆ ತುಂಬಿದೆ ಬಿಡಿ" ಎಂದನಂತೆ. "ತುಂಬಿಲ್ಲ ತಮ್ಮ, ಒಂಚೂರು ಅಜೀರ್ಣ ಆಗಿದೆ" ಎಂದು ಇವರು ಉತ್ತರ ಕೊಟ್ಟು ಮುಂದೆ ಹೋದರಂತೆ.

ಇವತ್ತಿನ ಚಿತ್ರೀಕರಣದ ಸಭಾಂಗಣ ಬಂತು. ದೀಪದ ಗೊಂಚಲು, ರೇಷ್ಮೆ ಹೊದಿಸಿದ ಕುರ್ಚಿಗಳು. ಬಸ್ಸಕ್ಕ ಬಾಗಿಲಿನಿಂದಲೇ ಒಬ್ಬೊಬ್ಬರನ್ನು ಸಾಲಾಗಿ ಕೂರಿಸುತ್ತಾ ಹೋಗುತ್ತಾರೆ. ವೇದಿಕೆಯ ಎದುರಿನ ಮೊದಲ ಸಾಲಿನಲ್ಲಿ ಬೀಗರು, ಅವರ ಪಕ್ಕದಲ್ಲಿ ಕಳ್ಳಮಾವ. ಕಳ್ಳಮಾವನಿಗೆ ಬೂದುಬಣ್ಣದ ಕೋಟು ಹಾಕಿದ್ದಾರೆ. ಅವರು ಕುರ್ಚಿಯ ಅಂಚಿನಲ್ಲಿ ಈಗಲೋ ಆಗಲೋ ಎದ್ದು ಓಡುವವರ ಹಾಗೆ ಕೂತಿದ್ದಾರೆ.

"ಬೀಗರೇ, ಓಡೋದು ಗೊತ್ತು ನನಗೆ. ಕೂರೋದು ಹೇಗೆ?"

"ಬೆನ್ನು ಆನಿಸಿ. ಕಾಲ ಮೇಲೆ ಕಾಲು ಹಾಕಿ. ಊಟ ಯಾವಾಗ ಬಡಿಸ್ತಾರೆ ಅಂತ ಯೋಚ್ನೆ ಮಾಡ್ತಾ ಇರಿ, ಮುಖ ತಾನಾಗೇ ಗಂಭೀರ ಆಗುತ್ತೆ."

ಅಷ್ಟರಲ್ಲಿ ಮ್ಯಾನೇಜರ್ ಬರುತ್ತಾರೆ. ಬಾಗಿಲಲ್ಲಿ ನಿಂತು ಸಾಲುಗಳ ಮೇಲೆ ಕಣ್ಣಾಡಿಸುತ್ತಾರೆ. ಅವರ ಮುಖ ಗಂಟಿಕ್ಕುವುದಿಲ್ಲ. ನೇರ ಬಸ್ಸಕ್ಕನ ಹತ್ತಿರ ಬಂದು ದನಿ ತಗ್ಗಿಸುತ್ತಾರೆ.

"ಅಕ್ಕ, ಮದುವೆ ಬಸ್ಸು ಅಂದಿದ್ನಲ್ಲ."

"ಮದುವೆಗೇ ಬಂದಿದ್ದಾರೆ ಸರ್."

"ಹಾಗಲ್ಲ. ಮುಂದಿನ ಸಾಲಲ್ಲಿ ಕೆಲವರನ್ನ… ಹಿಂದೆ ಕಳಿಸಿ. ಒಂದಷ್ಟು ಜನರನ್ನ ಮನೆಗೇ ಕಳಿಸಿ."

"ಯಾರನ್ನ ಸರ್?"

"ಗೊತ್ತಲ್ಲ ಅಕ್ಕ, ಆ ಥರದೋರನ್ನ."

"ಗೊತ್ತಿಲ್ಲ ಸರ್. ಯಾವ ಥರದೋರು?"

ಮ್ಯಾನೇಜರ್ ಕೈ ಎತ್ತಿ ತೋರಿಸಲು ಹೋಗಿ ಇಳಿಸುತ್ತಾರೆ. ಮೊದಲ ಸಾಲಿನವರು ಅವರನ್ನೇ ನೋಡುತ್ತಿದ್ದಾರೆ. ಇಷ್ಟು ವರ್ಷ ಈ ಕಸುಬನ್ನು ನಡೆಸಿಕೊಂಡು ಬಂದದ್ದೇ ಆಡದ ಒಂದು ಮಾತು. ಆಡದಿದ್ದರೂ ಅರ್ಥವಾಗುತ್ತದೆ ಎಂಬ ಒಪ್ಪಂದ. ಬಸ್ಸಕ್ಕ ಮಾಡಿದ್ದು ಇಷ್ಟೇ, ಅರ್ಥ ಮಾಡಿಕೊಳ್ಳುವುದನ್ನು ನಿಲ್ಲಿಸಿದ್ದು.

"ನಾನು ಕೂರಿಸಿದ್ದೀನಿ ಸರ್" ಎನ್ನುತ್ತಾರೆ, ಸಮಾಧಾನವಾಗಿಯೇ. "ಎಬ್ಬಿಸೋದಾದ್ರೆ ನೀವು ಎಬ್ಬಿಸಿ. ಅವರ ಎದುರಿಗೆ ನಿಂತು, ಯಾಕೆ ಅಂತ ಹೇಳಿ ಎಬ್ಬಿಸಿ. ನಾನು ಬೇಡ ಅನ್ನಲ್ಲ."

ಮ್ಯಾನೇಜರ್ ಕಳ್ಳಮಾವನ ಕಡೆ ಎರಡು ಹೆಜ್ಜೆ ಇಡುತ್ತಾರೆ. ಬೀಗರು ಕಾಲು ಇಳಿಸಿ, ಸ್ವಲ್ಪ ಮುಂದೆ ಬಾಗಿ "ಏನು ಸರ್, ಜಾಗ ಬದಲಾಯಿಸಬೇಕಾ? ನಾನೂ ಇವರ ಜೊತೆ ಹಿಂದೆ ಹೋಗ್ಲಾ?" ಎಂದು ವಿನಯದಿಂದ ಕೇಳುತ್ತಾರೆ. ಅವರ ಪಕ್ಕದ ಹೆಂಗಸು "ಹಾಗಾದ್ರೆ ನಾನೂ ಏಳ್ಬೇಕಾ?" ಅನ್ನುತ್ತಾರೆ. ಸಾಲಿನುದ್ದಕ್ಕೂ ಕುರ್ಚಿಗಳು ಕಿರುಗುಟ್ಟುತ್ತವೆ. ಆಚೆಯಿಂದ ನಿರ್ದೇಶಕರ ದನಿ ಬರುತ್ತದೆ: ನಾಯಕಿ ರೆಡಿ, ಲೈಟ್ ರೆಡಿ, ಇನ್ನೇನು ಕಾಯುತ್ತಿದ್ದೀರಿ?

ಹೇಳಬೇಕಾದ ಮಾತು ಮ್ಯಾನೇಜರ್ ಬಾಯಿಯವರೆಗೆ ಬಂದದ್ದು ಕಾಣುತ್ತದೆ, ಅದನ್ನು ನುಂಗಿದ್ದೂ ಕಾಣುತ್ತದೆ. "ಕೋಟಿನ ಕಾಲರ್ ಸರಿ ಮಾಡ್ಕೊಳ್ಳಿ" ಎಂದಷ್ಟೇ ಕಳ್ಳಮಾವನಿಗೆ ಹೇಳಿ ಕ್ಯಾಮೆರಾ ಹಿಂದಕ್ಕೆ ಹೋಗುತ್ತಾರೆ.

ಶಾಟ್ ಆಗುತ್ತದೆ. ನಾಯಕಿ ನಡೆದು ಬರುತ್ತಾಳೆ, ಮೊದಲ ಸಾಲು ತಲೆ ತಿರುಗಿಸಿ ನೋಡುತ್ತದೆ, ಚಪ್ಪಾಳೆ ತಟ್ಟುತ್ತದೆ. ಕಳ್ಳಮಾವ ಉಳಿದವರಿಗಿಂತ ಒಂದು ಚಪ್ಪಾಳೆ ಹೆಚ್ಚು ತಟ್ಟುತ್ತಾರೆ. ಓಕೆ ಎನ್ನುತ್ತಾರೆ ನಿರ್ದೇಶಕರು. ಸಹಾಯಕಿಯೊಬ್ಬಳು ಓಡಿಬಂದು ಪ್ರತಿ ಕುರ್ಚಿಯ ಫೋಟೋ ತೆಗೆದುಕೊಳ್ಳುತ್ತಾಳೆ, ನಾಳೆ ಯಾರೂ ಅದಲುಬದಲಾಗದಿರಲಿ ಎಂದು.

ಸ್ವಲ್ಪ ಹೊತ್ತಿನ ನಂತರ ಮ್ಯಾನೇಜರ್ ಬಸ್ಸಕ್ಕನ ಪಕ್ಕದಿಂದ ಹಾದುಹೋಗುತ್ತಾ, ನಿಲ್ಲದೆಯೇ, "ನಾಳೆಗೂ ಇವರೇ ಬರಬೇಕು" ಎನ್ನುತ್ತಾರೆ. ಮುಂದಿನ ಸಿನಿಮಾಕ್ಕೆ ಕರೆಯುತ್ತಾರೋ ಇಲ್ಲವೋ, ಅದನ್ನು ಅವರು ಹೇಳುವುದಿಲ್ಲ, ಇವರು ಕೇಳುವುದಿಲ್ಲ.

ಇಷ್ಟೆಲ್ಲ ಆದಮೇಲೆ ಏನು ಆಸೆ ಎಂದರೆ ಬಸ್ಸಕ್ಕನಿಗೆ ನಗು ಬರುತ್ತದೆ. "ದೊಡ್ಡ ಆಸೆ ಏನಿಲ್ಲ. ಇನ್ನು ಹನ್ನೊಂದು ದಿನ ಯಾರಿಗೂ ಶೀತ ಜ್ವರ ಬರದೆ ಇದ್ರೆ ಸಾಕು" ಎನ್ನುತ್ತಾರೆ. ಆಮೇಲೆ ಸಭಾಂಗಣದ ಒಳಗೆ, ಬೆನ್ನು ಆನಿಸಿ ಕೂರುವುದನ್ನು ಅಂತೂ ಕಲಿತ ಕಳ್ಳಮಾವನ ಕಡೆ ನೋಡಿ, ಮೆಲ್ಲಗೆ ಹೇಳುತ್ತಾರೆ:

"ಇನ್ನು ಅವರನ್ನ ಅಲ್ಲಿಂದ ಎಬ್ಬಿಸಿದ್ರೆ ಸಿನಿಮಾನೇ ತಪ್ಪಾಗುತ್ತೆ."