ಬೊಟ್ಟಿನಿಂದ ಅಳೆದ ಮುಖ

ಅವ್ವನ ಮುಖ ನನಗೆ ನೆನಪಿಲ್ಲ. ಆಕೆ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ಅಕ್ಕನಿಗೆ ಹನ್ನೊಂದು. ಮನೆಯಲ್ಲಿದ್ದದ್ದು ಒಂದೇ ಫೋಟೋ. ಅದನ್ನು ತೆಗೆಯುವ ಹೊತ್ತಿಗೆ ನಾನು ತೊಡೆಯಿಂದ ಜಾರಿದೆನಂತೆ, ಅವ್ವ ಥಟ್ಟನೆ ತಿರುಗಿದಳಂತೆ. ಅದರಲ್ಲಿ ಅಪ್ಪ, ಅಕ್ಕ, ಕುರ್ಚಿಯ ಕೈ, ಅವ್ವನ ಸೀರೆಯ ಅಂಚು ಎಲ್ಲವೂ ಸ್ಪಷ್ಟ. ಮುಖವಿರಬೇಕಾದಲ್ಲಿ ಮಾತ್ರ ಹೊಗೆಯಂಥ ಒಂದು ಬಿಳಿ ಕಲೆ.

ಹೀಗಾಗಿ ಆ ಮುಖ ಉಳಿದಿದ್ದದ್ದು ಅಕ್ಕನ ನೆನಪಿನಲ್ಲಿ ಮಾತ್ರ. ಎರಡು ವರ್ಷದ ಹಿಂದೆ ಅಕ್ಕನ ಬಲಗಣ್ಣು ಪೂರ್ತಿ ಹೋಯಿತು. ಎಡಗಣ್ಣೂ ಕೆಡುತ್ತಿದೆ, ಹೆಚ್ಚು ದಿನ ಬಾರದು ಎಂದರು ಡಾಕ್ಟರು. ಆ ಸಂಜೆಯೇ ಅವಳ ಫೋನ್ ಬಂತು.

"ತಮ್ಮಾ, ಹೂವು ಹಣ್ಣು ಬರದದ್ದು ಸಾಕು. ಅವ್ವನ್ನ ಬರಿ. ನಾ ಹೇಳತೀನಿ, ನೀ ಬರಿ. ಕಣ್ಣಿರೂತನಕ ತಿದ್ದತೀನಿ. ಆಮ್ಯಾಲ ನಿನಗ ಹೇಳಾವ್ರು ಯಾರದಾರ?"

ನಾನು ನೀರಾವರಿ ಕಚೇರಿಯಲ್ಲಿ ಮೂವತ್ತೈದು ವರ್ಷ ನಕ್ಷೆ ಬರೆದವನು. ನಿವೃತ್ತನಾದ ಮೇಲೂ ಐದಕ್ಕೆ ಏಳುತ್ತೇನೆ, ಒಂಬತ್ತಕ್ಕೆ ಬಣ್ಣದ ಮೇಜಿಗೆ ಕೂರುತ್ತೇನೆ. ಗುರುವಾರ ಹತ್ತು ಗಂಟೆ ಎಂದು ಗೊತ್ತುಮಾಡಿದೆ. ಅಕ್ಕ ಮೆಹದಿಪಟ್ಟಣಂನಲ್ಲಿರುವ ಮಗಳ ಮನೆಯಿಂದ ಆಟೋದಲ್ಲಿ ನಾರಾಯಣಗೂಡದ ನನ್ನ ಮನೆಗೆ ಬರತೊಡಗಿದಳು. ತಡವಾದರೆ ನಾನು ಗಡಿಯಾರ ನೋಡುತ್ತಿದ್ದೆ. "ಹಂಗ ನೋಡಬ್ಯಾಡ. ನಾಳಿಂದ ಸಿಗ್ನಲ್ ದೀಪಕ್ಕೂ ನಿನ್ನ ಟೈಂಟೇಬಲ್ ಅಂಟಿಸಿ ಬರತೀನಿ," ಎನ್ನುತ್ತಿದ್ದಳು.

ಮೊದಲು ಜಲವರ್ಣದಲ್ಲಿ ತೊಡಗಿದೆ. ಕಾಗದವನ್ನು ನೆನೆಸಿ ಹಲಗೆಗೆ ಬಿಗಿದು, ತಿಳಿಬಣ್ಣದಿಂದ ಗಾಢಬಣ್ಣಕ್ಕೆ ಒಂದರ ಮೇಲೊಂದು ತೆಳುವಾಗಿ ಎಳೆಯಬೇಕು. ಒಂದು ಪದರ ಒಣಗಿತೇ ಎಂದು ಅಂಗೈ ಹಿಂಭಾಗದಿಂದ ಮುಟ್ಟಿ ನೋಡಬೇಕು. ತಣ್ಣಗಿದ್ದರೆ ಇನ್ನೂ ಹಸಿ ಎಂದರ್ಥ. ಜಲವರ್ಣ ಒಣಗಿದಂತೆ ತಿಳಿಯಾಗುತ್ತದೆ. ಅಕ್ಕನ ಎದುರು ತುಂಬಿಕೊಂಡಿದ್ದ ಕೆನ್ನೆ ಅವಳು ಹೋದ ಮೇಲೆ ಮಸುಕಾಗುತ್ತಿತ್ತು. ತಿದ್ದಲು ಉಜ್ಜಿ ಉಜ್ಜಿ, ಮೂರನೆಯ ವಾರಕ್ಕೆ ಕಾಗದದ ಮೈ ಎದ್ದುಬಂತು. ಅಲ್ಲಿಯೂ ಮುಖದ ಜಾಗದಲ್ಲಿ ಒಂದು ಬಿಳಿ ಕಲೆ. ನಾನು ಆ ಹಾಳೆಯನ್ನು ತಿರುಗಿಸಿಟ್ಟೆ.

ಆಮೇಲೆ ಕ್ಯಾನ್ವಾಸಿನ ಮೇಲೆ ಅಕ್ರಿಲಿಕ್ ಹಿಡಿದೆ. ಅದು ಬೇಗ ಒಣಗುತ್ತದೆ, ತಪ್ಪಿನ ಮೇಲೆ ಬಳಿದರೆ ತಪ್ಪು ಮುಚ್ಚಿಹೋಗುತ್ತದೆ. ಆದರೆ ಒಣಗಿದಂತೆ ಕಪ್ಪಾಗುತ್ತದೆ. ಜಲವರ್ಣದಲ್ಲಿ ವಾರ ವಾರ ಹಿಂದೆ ಸರಿಯುತ್ತಿದ್ದ ಅವ್ವ ಈಗ ವಾರ ವಾರ ಮುಂದೆ ಬರತೊಡಗಿದಳು.

ಅಕ್ಕನಿಗೆ ನಾನೊಂದು ನಿಯಮ ಹಾಕಿದ್ದೆ. ಸರ್ವೆಯಲ್ಲಿ ಒಂದು ಗುರುತನ್ನು ಹಿಡಿದು ಉಳಿದದ್ದನ್ನೆಲ್ಲ ಅಳೆಯುತ್ತೇವೆ. "ಹಣೆಯ ಬೊಟ್ಟು ನೋಡು. ಅಲ್ಲಿಂದ ಕಣ್ಣು ಕೀಳಬೇಡ. ಉಳಿದದ್ದು ಹೇಗಿದೆ ಹೇಳು."

"ಎಡಗಣ್ಣು ಕೆಳಗ ಬಿದ್ದೈತಿ, ಎತ್ತು. ಇನ್ನೊಂದು ಅಕ್ಕಿಕಾಳಷ್ಟು. ಎಡಗಲ್ಲ ಜೋತಾಡಾಕತ್ತೈತಿ ನೋಡು, ಅವ್ವ ಹಂಗಿರಲಿಲ್ಲೋ."

ಎತ್ತಿದೆ. ಮುಂದಿನ ವಾರ ಇನ್ನೂ ಎತ್ತಿಸಿದಳು. ತುಟಿಯ ಎಡ ತುದಿಯನ್ನೂ ಎತ್ತಿಸಿದಳು. ಅವಳು ಹೇಳಿದಂತೆ ಮಾಡುತ್ತ ಹೋದೆ. ಅಳತೆ ಅವಳದು, ಕೈ ಮಾತ್ರ ನನ್ನದು.

ಏಳನೆಯ ವಾರಕ್ಕೆ ಕ್ಯಾನ್ವಾಸಿನ ಮೇಲೆ ಕೂತಿದ್ದವಳ ಮುಖ ನೋಡಲಾಗುತ್ತಿರಲಿಲ್ಲ. ಒಂದು ಕಣ್ಣು ಇದ್ದಲ್ಲಿತ್ತು, ಇನ್ನೊಂದು ಹಣೆಗೆ ಹತ್ತಿತ್ತು. ಬಾಯಿ ಒಂದೇ ಕಡೆಯಿಂದ ನಗುತ್ತಿತ್ತು. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಕೆಳಗಿನ ಪದರಗಳ ಏಣು ಎದ್ದು ಕಾಣುತ್ತಿತ್ತು: ಈಗಿನ ಕಣ್ಣಿನ ಕೆಳಗೆ ಹಿಂದಿನ ವಾರದ ಕಣ್ಣು, ಅದರ ಕೆಳಗೆ ಅದರ ಹಿಂದಿನ ವಾರದ್ದು, ಎಲ್ಲವೂ ತೆರೆದೇ ಇದ್ದವು. ಕೆಲಸದಾಕೆ ಪೊರಕೆಯನ್ನು ಬಾಗಿಲಲ್ಲೇ ಇಟ್ಟು, "ಅಯ್ಯಗಾರೂ, ಆಮೆ ನನ್ನೇ ಚೂಸ್ತೋಂದಿ," ಎಂದಳು. ಚಿತ್ರದವಳು ತನ್ನನ್ನೇ ನೋಡುತ್ತಿದ್ದಾಳೆ ಎಂದು ಅವಳ ದೂರು. ಆ ಕೋಣೆಯನ್ನು ಅಂದಿನಿಂದ ನಾನೇ ಗುಡಿಸಿದೆ.

ಅಂದು ಅಕ್ಕ ಬಂದು ಕೂತಳು. ಬೊಟ್ಟನ್ನು ನೋಡಿದಳು.

"ಬಂದಳು," ಎಂದಳು ಮೆಲ್ಲಗೆ. "ಕೈ ತೆಗಿ ತಮ್ಮಾ, ಇನ್ನ ಮುಟ್ಟಬ್ಯಾಡ. ಇಕೀನ ಅವ್ವ." ಆಮೇಲೆ ಚಿತ್ರದ ಕಡೆ ಬಾಗಿ, "ಎಷ್ಟು ದಿನ ಆತಬೇ ನಿನ್ನ ನೋಡಿ," ಎಂದು ಮಾತಿಗೆ ತೊಡಗಿದಳು. ಮನೆಯ ಸುದ್ದಿ, ಮೊಮ್ಮಗಳ ಪರೀಕ್ಷೆ, ಮೊಣಕಾಲು ನೋವು. ನಡುನಡುವೆ ತಡೆದು, ಉತ್ತರ ಕೇಳಿಸಿಕೊಂಡವಳಂತೆ ತಲೆಯಾಡಿಸುತ್ತಿದ್ದಳು.

ಮೇಜಿನ ಬಳಿ ನಿಂತಿದ್ದ ನನಗೆ ಒಂದು ಯೋಚನೆ ಬಂತು. ಅವ್ವ ನಿಜವಾಗಿಯೂ ಹೀಗೇ ಇದ್ದಳೇ? ಬೇರೆ ಫೋಟೋ ಇಲ್ಲದ್ದು ಅದಕ್ಕೇನಾ? ಆ ಫೋಟೋದಲ್ಲಿ ಅವಳು ಮುಖ ತಿರುಗಿಸಿದ್ದು ನಾನು ಜಾರಿದ್ದಕ್ಕೇ ಹೌದೇ?

ಹೊರಡುವ ಮುಂಚೆ ಅಕ್ಕ ಕಿಟಕಿಯ ಕಡೆ ನೋಡಿದಳು. "ಇಷ್ಟು ಶಿಸ್ತಿನಾಂವ, ಕಿಟಕಿ ಅಡ್ಡಸಳಿ ಎಡಕ್ಕ ಜೋತುಬಿದ್ದಾವ, ರಿಪೇರಿ ಮಾಡಿಸಬಾರದೇನು?"

ಸರಳುಗಳು ನೆಟ್ಟಗಿದ್ದವು. ನಾನು ಅವಳನ್ನು ಮತ್ತೆ ಕೂರಿಸಿ, ಚೌಕುಳಿ ಹಾಳೆಯ ನಡುವೆ ಒಂದು ಚುಕ್ಕೆ ಇಟ್ಟು, ಚುಕ್ಕೆಯನ್ನೇ ನೋಡುತ್ತ ಅಡ್ಡಗೆರೆಗಳು ಹೇಗೆ ಕಾಣುತ್ತವೋ ಹಾಗೆ ಬೆರಳಾಡಿಸು ಎಂದೆ. ಬಲಕ್ಕೆ ಬೆರಳು ನೇರ ಹೋಯಿತು. ಎಡಕ್ಕೆ ಪ್ರತಿ ಗೆರೆಯಲ್ಲೂ ಕೆಳಗಿಳಿಯಿತು. ಅವಳ ಬೆರಳ ಹಿಂದೆಯೇ ಪೆನ್ಸಿಲ್ ಎಳೆದೆ.

"ನಿನ್ನ ಮಾರೀನೂ ಹಂಗ ಜೋತುಬಿದ್ದೈತಿ," ಎಂದಳು. "ವಯಸ್ಸಾತು ಅಂತ ನಾ ಬಾಯಿ ಬಿಡಲಿಲ್ಲ."

ಕಣ್ಣಿನ ರೋಗ ಗೆರೆಗಳನ್ನು ಬಾಗಿಸುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಅವಳಿಗೆ ಜೋತುಬಿದ್ದಂತೆ ಕಂಡಷ್ಟನ್ನೂ ನಾನು ಮೇಲೆತ್ತಿದ್ದೆ. ಬೊಟ್ಟಿನಿಂದ ಕಣ್ಣು ಕೀಳಬೇಡ ಎಂದು ಹಟ ಹಿಡಿಯದಿದ್ದರೆ ಅವಳ ನೋಟ ಹೊರಳಿದಂತೆ ಸೊಟ್ಟೂ ಜಾಗ ಬದಲಿಸಿ, ಅದು ಕಣ್ಣಿನದೇ ಎಂದು ಯಾವಾಗಲೋ ಗೊತ್ತಾಗುತ್ತಿತ್ತು. ಅಕ್ಕನಿಗೆ ಇದೇನನ್ನೂ ಹೇಳಲಿಲ್ಲ. ಹೇಳಿದ್ದರೆ ಸಿಕ್ಕ ಅವ್ವನನ್ನು ಅವಳಿಂದ ಕಿತ್ತುಕೊಂಡಂತಾಗುತ್ತಿತ್ತು. ಚಿತ್ರವನ್ನು ಮೆಹದಿಪಟ್ಟಣಂಗೆ ಒಯ್ದಳು. ಅದನ್ನು ಕೋಣೆಯ ಹೊರಗೆ ತರಕೂಡದು ಎಂದು ಮಗಳು ಹೇಳಿದ್ದಾಳೆ.

ಆ ಚೌಕುಳಿ ಹಾಳೆಯೂ, ಚಿತ್ರ ಕೊಡುವ ಮುಂಚೆ ತೆಗೆದಿಟ್ಟಿದ್ದ ಅದರ ಅಳತೆಗಳೂ ನನ್ನಲ್ಲಿ ಉಳಿದವು. ಪ್ರತಿ ಚೌಕದಲ್ಲಿ ಬೆರಳು ಇಳಿದಷ್ಟು ಅಳೆದು, ಚಿತ್ರದಲ್ಲಿ ಎತ್ತಿದ್ದನ್ನು ಅಷ್ಟಷ್ಟೇ ಇಳಿಸುತ್ತ ಹೊಸ ಕಾಗದದ ಮೇಲೆ ಜಲವರ್ಣದಲ್ಲಿ ಇನ್ನೊಮ್ಮೆ ಬರೆದೆ. ಹನ್ನೊಂದು ದಿನ ಹಿಡಿಯಿತು. ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಮೂಡಿದಳು. ಸಾಧಾರಣ ಮುಖ, ಏನೋ ಕೇಳಲಿರುವಂತೆ ತುಸು ತೆರೆದ ತುಟಿ. ನನಗಿಂತ ನಲವತ್ತು ವರ್ಷ ಚಿಕ್ಕವಳು. ಅವಳ ಎದುರು ಕೂತು ಕಾದೆ. ಯಾವ ನೆನಪೂ ಏಳಲಿಲ್ಲ.

ಮುಂದಿನ ಗುರುವಾರ ಅಕ್ಕನಿಗೆ ತೋರಿಸಿದೆ. ಅವಳು ಅಭ್ಯಾಸದಂತೆ ಬೊಟ್ಟನ್ನೇ ನೋಡಿದಳು.

"ಯಾರೋ ಇಕಿ? ಬಣ್ಣ ಭಾಳ ಚಂದ ಬಂದೈತಿ. ಆದ್ರ ಪಾಪ, ಮಾರಿ ಯಾಕ ಹಿಂಗ ಜೋತುಬಿದ್ದೈತಿ?"

ಒಣಗಿದ ಮೇಲೆ ಅದು ಇನ್ನೂ ತಿಳಿಯಾಗಿದೆ. ಅದು ಅವ್ವನೇ ಇರಬಹುದು. ಹೌದು ಎನ್ನಬಲ್ಲವಳು ಒಬ್ಬಳೇ, ಅವಳು ಯಾರಿವಳು ಎಂದು ಕೇಳಿ ಹೋದಳು.